ಕಂಡ ಗ್ರಹ, ಕಾಣದ ಗ್ರಹ

ವಿಜ್ಞಾನಕ್ಕೆ ಬೇಕಾದ್ದು ಸಂಶಯ, ನಂಬಿಕೆಗೆ ಅಲ್ಲಿ ಜಾಗವಿಲ್ಲ ಎಂದು ಯಾರಾದರೂ ಭಾಷಣ ಮಾಡಿದಾಗಲೆಲ್ಲ ನನಗೆ ಫ್ರಾನ್ಸಿನ ಗಣಿತಜ್ಞ ಲ ವೆರಿಯೆ ನೆನಪಾಗುತ್ತಾನೆ.

1781ರಲ್ಲಿ ಹರ್ಷೆಲ್ ಕಂಡುಹಿಡಿದ ಯುರೇನಸ್, ಲೆಕ್ಕ ಹಾಕಿಟ್ಟ ದಾರಿ ಬಿಟ್ಟು ನಡೆಯುತ್ತಿತ್ತು. ನ್ಯೂಟನ್ನನ ಗುರುತ್ವ ನಿಯಮ ಅಷ್ಟು ದೂರಕ್ಕೆ ಸಲ್ಲದೇನೋ ಎಂಬ ಅನುಮಾನ ಇಂಗ್ಲೆಂಡಿನ ಏರಿಯಂಥ ಹಿರಿಯ ಖಗೋಳಜ್ಞನಿಗೂ ಬಂದಿತ್ತು. ಲ ವೆರಿಯೆ ನಿಯಮವನ್ನು ಬಿಡಲಿಲ್ಲ. ಕಾಣದ ಗ್ರಹವೊಂದು ಯುರೇನಸ್ಸನ್ನು ಎಳೆಯುತ್ತಿದೆ ಎಂದು ನಂಬಿ, ಅದು ಆಕಾಶದಲ್ಲಿ ಎಲ್ಲಿರಬೇಕೆಂದು ಬರೆದು ಬರ್ಲಿನ್ನಿಗೆ ಕಾಗದ ಹಾಕಿದ. ಅದು ತಲುಪಿದ ರಾತ್ರಿಯೇ, 1846ರ ಸೆಪ್ಟೆಂಬರ್ 23ರಂದು, ಅಲ್ಲಿನ ಖಗೋಳಜ್ಞ ಗಾಲೆ ದೂರದರ್ಶಕ ತಿರುಗಿಸಿದ. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು. ಅಂದು ಗೆದ್ದದ್ದು ನಂಬಿಕೆ.

ಆಮೇಲೆ ಬುಧನ ಸರದಿ. ಬುಧ ಸೂರ್ಯನಿಗೆ ತೀರ ಹತ್ತಿರ ಬರುವ ಬಿಂದು ಪ್ರತಿ ಸುತ್ತಿಗೂ ಚೂರು ಮುಂದೆ ಸರಿಯುತ್ತದೆ. ಪೆನ್ನೆತ್ತದೆ ಒಂದೇ ಎಸಳನ್ನು ಮತ್ತೆ ಮತ್ತೆ ಬರೆಯುತ್ತ, ಪ್ರತಿ ಸಲ ಹಾಳೆಯನ್ನು ಕೂದಲೆಳೆಯಷ್ಟು ತಿರುಗಿಸಿ. ನಿಧಾನವಾಗಿ ಹೂವು ಅರಳುತ್ತದಲ್ಲ, ಹಾಗೆ. ಅಥವಾ ವಾಲಿದ ಬುಗುರಿಯನ್ನು ನೆನೆಸಿಕೊಳ್ಳಿ: ಸುತ್ತುವುದು ಒಂದು ವೇಗ, ಆ ವಾಲು ತಿರುಗುವುದು ಇನ್ನೊಂದು ನಿಧಾನದ ವೇಗ. ಈ ಸರಿತದಲ್ಲಿ ಬಹುಪಾಲು ಶುಕ್ರ, ಗುರು ಮುಂತಾದ ಗ್ರಹಗಳ ಸೆಳೆತದ ಫಲ. ಅದನ್ನೆಲ್ಲ ಕಳೆದರೂ ಶತಮಾನಕ್ಕೆ 38 ವಿಕಲೆ ಉಳಿಯುತ್ತದೆಂದು 1859ರಲ್ಲಿ ಲ ವೆರಿಯೆ ಹೇಳಿದ. ಮುಂದೆ ಅದು 43 ಎಂದು ತಿದ್ದುಪಡಿಯಾಯಿತು. ಪಂಚಾಂಗ ನೋಡುವವರಿಗೆ ವಿಕಲೆ ಗೊತ್ತು: ಡಿಗ್ರಿಯ 3600ನೇ ಒಂದು ಪಾಲು. 43 ವಿಕಲೆ ಎಂದರೆ, ನೂರು ಮೀಟರ್ ಆಚೆ ರೂಪಾಯಿ ನಾಣ್ಯ ಹಿಡಿದು ನಿಂತರೆ ಅದರ ಒಂದಂಚಿನಿಂದ ಇನ್ನೊಂದಂಚಿಗೆ ಎಷ್ಟು ಕೋನವೋ ಅಷ್ಟು. ಅಷ್ಟು ಸರಿಯಲು ಬುಧ 415 ಸುತ್ತು ಹಾಕಬೇಕು!

ಲ ವೆರಿಯೆಯ ಉತ್ತರ ಹಳೆಯದೇ: ಸೂರ್ಯನ ಪಕ್ಕ ಇನ್ನೊಂದು ಗ್ರಹವಿದೆ. ಹಳ್ಳಿಯ ವೈದ್ಯ ಲೆಸ್ಕಾರ್ಬೊ ಅದನ್ನು ಕಂಡೆನೆಂದು ಬರೆದಾಗ ಲ ವೆರಿಯೆ ಹೇಳದೆ ಕೇಳದೆ ಅವನ ಮನೆಗೇ ಹೋಗಿ ಪಾಟೀಸವಾಲು ಹಾಕಿದ. ವೈದ್ಯ ಸೆಕೆಂಡು ಎಣಿಸುತ್ತಿದ್ದದ್ದು ರೇಷ್ಮೆ ದಾರಕ್ಕೆ ಕಟ್ಟಿದ ದಂತದ ಗುಂಡಿನಿಂದ. ಲೆಕ್ಕ ಬರೆಯುತ್ತಿದ್ದದ್ದು ಮರದ ಹಲಗೆಯ ಮೇಲೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯನ್ನು ಲ ವೆರಿಯೆ ಪಾಲಿಸಿದನೆಂದೇ ಹೇಳಬೇಕು. ಅವನಲ್ಲಿ ಸಂಶಯಕ್ಕೆ ಕೊರತೆಯಿರಲಿಲ್ಲ. ಅದು ವೈದ್ಯನ ಮೇಲೆ ಹರಿಯಿತು, ನ್ಯೂಟನ್ನನವರೆಗೆ ಹೋಗಲಿಲ್ಲ. ಗ್ರಹಕ್ಕೆ ವಲ್ಕನ್ ಎಂದು ಹೆಸರೂ ಬಿತ್ತು.

ಆದರೂ ನನಗೆ ಅವನ ಮೇಲೆ ಗೌರವವಿದೆ. 1877ರ ಮಾರ್ಚ್ 22ರಂದು ವಲ್ಕನ್ ಸೂರ್ಯನೆದುರು ಹಾದುಹೋಗಬಹುದು, ನೋಡಿ ಎಂದು ಆತ ತಾರೀಖನ್ನೇ ಕೊಟ್ಟ. ಖಗೋಳಜ್ಞರು ಕಾದರು, ಏನೂ ಕಾಣಲಿಲ್ಲ. ಗ್ರಹದೋಷದ ಹೆಸರಲ್ಲಿ ಜನರನ್ನು ಹೆದರಿಸುವವರು ಹೀಗೆ ಸೋಲುವ ತಾರೀಖು ಕೊಟ್ಟದ್ದನ್ನು ನಾನು ಕಂಡಿಲ್ಲ. ಅಂಥ ನಂಬಿಕೆಯನ್ನು ಲ ವೆರಿಯೆಯ ನಂಬಿಕೆಯ ಪಕ್ಕದಲ್ಲಿಡಲು ನನಗೆ ಮನಸ್ಸೊಪ್ಪುವುದಿಲ್ಲ.

ಅದೇ ವರ್ಷ ಸೆಪ್ಟೆಂಬರ್ 23ರಂದು, ನೆಪ್ಚೂನ್ ಸಿಕ್ಕ ತಾರೀಖಿನಂದೇ, ಲ ವೆರಿಯೆ ತೀರಿಕೊಂಡ. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ತನ್ನ ಹೊಸ ಗುರುತ್ವ ಸಿದ್ಧಾಂತದಿಂದ ಬುಧನ ಲೆಕ್ಕ ಮಾಡಿದ. ಯಾವ ಹೊಸ ಗ್ರಹದ ನೆರವೂ ಇಲ್ಲದೆ 43 ಬಂತು. ಕೆಲವು ದಿನ ಸಂತೋಷದಲ್ಲಿ ತನಗೆ ಮೈಮೇಲೆ ಪ್ರಜ್ಞೆಯೇ ಇರಲಿಲ್ಲ ಎಂದು ಆತ ಗೆಳೆಯನಿಗೆ ಬರೆದ.