ಏನ್ ಸಮಾಚಾರ, ಅಣ್ಣಾ? ಮಾರ್ವಿನ್ ಗೇ ಅವರ 1971ರ ಆಲ್ಬಂ ಬಗ್ಗೆ ಟಿಪ್ಪಣಿ

ಹೆಸರಿನಿಂದಲೇ ಶುರು ಮಾಡೋಣ. ಅಮೆರಿಕದ ಗಾಯಕ ಮಾರ್ವಿನ್ ಗೇ ಅವರ ಈ ಆಲ್ಬಂನ ಹೆಸರು ‘ವಾಟ್ಸ್ ಗೋಯಿಂಗ್ ಆನ್’, ಅಂದರೆ ನಮ್ಮ ‘ಏನ್ ಸಮಾಚಾರ’. ಕವರ್ ನೋಡಿ, ಪ್ರಶ್ನೆ ಚಿಹ್ನೆ ಇಲ್ಲ.

ದಾರಿಯಲ್ಲಿ ಯಾರಾದರೂ ಸಿಕ್ಕರೆ ‘ಏನ್ ಸಮಾಚಾರ?’ ಅನ್ನುತ್ತೇವೆ. ನಿಜವಾಗಿ ಸಮಾಚಾರ ಬೇಕು ಅಂತ ಅಲ್ಲ. ‘ಎಲ್ಲಾ ಆರಾಮ’ ಅಂದರೆ ಸಾಕು, ಮುಂದೆ ಹೋಗುತ್ತೇವೆ. ಈ ಆಲ್ಬಂ ಶುರುವಾಗುವುದೂ ಹಾಗೇ. ಮೊದಲ ಕೆಲವು ಸೆಕೆಂಡು ಹಾಡಿಲ್ಲ, ಬರೀ ಗೆಳೆಯರ ಮಾತು. ಪಾರ್ಟಿಗೆ ಬಂದವರು ಒಬ್ಬರನ್ನೊಬ್ಬರು ಮಾತಾಡಿಸುತ್ತಿದ್ದಾರೆ. ಆ ದನಿಗಳಲ್ಲಿ ಎರಡು ಅಮೆರಿಕನ್ ಫುಟ್‌ಬಾಲ್ ಆಟಗಾರರದು: ಡೆಟ್ರಾಯಿಟ್ ಲಯನ್ಸ್ ತಂಡದ ಮೆಲ್ ಫಾರ್ ಮತ್ತು ಲೆಮ್ ಬಾರ್ನಿ. (ಆಗ ಗೇ ಅವರಿಗೆ ತಾನೂ ಆ ತಂಡ ಸೇರಬೇಕು ಅಂತ ಹುಚ್ಚು. ಮೈ ಹುರಿಗೊಳಿಸಿ, ಟ್ರಯಲ್‌ಗೂ ಹೋಗಿದ್ದರು.) ಈ ಹರಟೆ ಮುಗಿಯುವುದರೊಳಗೆ ಹಾಡು ‘ಅಮ್ಮಾ’ ಅಂತ ಕರೆಯುತ್ತದೆ. ಅಷ್ಟು ಹೊತ್ತಿಗೆ ಸುಮ್ನೆ ಕೇಳಿದ ‘ಏನ್ ಸಮಾಚಾರ’ ನಿಜವಾದ ಪ್ರಶ್ನೆ ಆಗಿಬಿಟ್ಟಿರುತ್ತದೆ. ಐವತ್ತು ವರ್ಷ ದಾಟಿದ ಮೇಲೂ ಈ ಆಲ್ಬಂ ಹಳತಾಗದೆ ಉಳಿದದ್ದಕ್ಕೆ ದೊಡ್ಡ ಕಾರಣ ಇದೇ ಅಂತ ನನ್ನ ಲೆಕ್ಕ. ‘ಎಲ್ಲಾ ಆರಾಮ’ ಅನ್ನಲು ಬಾಯಿ ಬಾರದವನ ಕಥೆ ಇದು.

ಹಾಡು ಹುಟ್ಟಿದ್ದು

ಆಲ್ಬಂನ ಹೆಸರನ್ನೇ ಹೊತ್ತ ಮೊದಲ ಹಾಡಿನ ಎಳೆ ಗೇ ಅವರದಲ್ಲ. 1969ರ ಮೇ 15ರಂದು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ, ಪೀಪಲ್ಸ್ ಪಾರ್ಕ್ ಎಂಬ ಜಾಗದ ಗಲಾಟೆಯಲ್ಲಿ ಪೊಲೀಸರು ಪ್ರತಿಭಟನಾಕಾರರ ಮೇಲೆ ಗುಂಡು ಹಾರಿಸಿದರು. ಪ್ರವಾಸದಲ್ಲಿದ್ದ ‘ಫೋರ್ ಟಾಪ್ಸ್’ ಗಾಯನ ತಂಡದ ಓಬಿ ಬೆನ್ಸನ್ ಅಲ್ಲಿನ ಪೊಲೀಸ್ ಹೊಡೆತವನ್ನು ಕಣ್ಣಾರೆ ಕಂಡರು. ಇಲ್ಲಿ ಏನಾಗುತ್ತಿದೆ ಅನ್ನುವ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಅಲ್ ಕ್ಲೀವ್‌ಲ್ಯಾಂಡ್ ಜೊತೆ ಕೂತು ಹಾಡು ಮಾಡಿದರು. ಪ್ರತಿಭಟನೆಯ ಹಾಡು ನಮಗೆ ಬೇಡ ಅಂದಿತು ಅವರದೇ ತಂಡ. ಆಮೇಲೆ ಅದು ಗೇ ಕೈಗೆ ಬಂತು. ಅವರು ಮಾತು ಸೇರಿಸಿದರು, ರಾಗ ತಿದ್ದಿದರು.

ಆ ಹೊತ್ತಿನಲ್ಲಿ ಗೇ ಸ್ಥಿತಿ ಹೇಗಿತ್ತು ಅಂತ ತಿಳಿದಿರಬೇಕು. ಅವರ ಜೊತೆ ಯುಗಳಗೀತೆ ಹಾಡುತ್ತಿದ್ದ ಟ್ಯಾಮಿ ಟೆರೆಲ್ 1967ರಲ್ಲಿ ವೇದಿಕೆಯ ಮೇಲೇ ಅವರ ತೋಳಿಗೆ ಕುಸಿದಿದ್ದರು. ಮಿದುಳಿನ ಗಡ್ಡೆ. 1970ರ ಮಾರ್ಚ್‌ನಲ್ಲಿ, 24ನೇ ವಯಸ್ಸಿಗೆ ತೀರಿಕೊಂಡರು. ಇನ್ನೊಂದು ಕಡೆ ತಮ್ಮ ಫ್ರಾಂಕಿ ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದು ಅಲ್ಲಿ ಕಂಡದ್ದನ್ನು ಹೇಳುತ್ತಿದ್ದ. ಪ್ರೇಮಗೀತೆ ಹಾಡಿ ಹೆಸರು ಮಾಡಿದ ಗಾಯಕನಿಗೆ ಹಳೇ ಹಾಡುಗಳು ಸಪ್ಪೆ ಅನಿಸಿದ್ದು ಆಶ್ಚರ್ಯ ಅಲ್ಲ, ಅಲ್ವಾ?

ಆದರೆ ಅವರ ರೆಕಾರ್ಡ್ ಕಂಪನಿ ಮೋಟೌನ್. ಅದರ ಒಡೆಯ ಬೆರ್ರಿ ಗಾರ್ಡಿ ಮೊದಲು ಕಾರ್ ಕಾರ್ಖಾನೆಯಲ್ಲಿ ದುಡಿದವರು. ಹಾಡನ್ನೂ ಅಲ್ಲಿನ ಹಾಗೆ ಸಾಲಾಗಿ ತಯಾರು ಮಾಡಿ ಹೊರಗೆ ಬಿಡುವುದು ಅವರ ಪದ್ಧತಿ. ಯುದ್ಧ, ಪೊಲೀಸ್ ಅಂತೆಲ್ಲ ಹಾಡಿದರೆ ಕೇಳುವವರು ಓಡಿಹೋಗುತ್ತಾರೆ ಅನ್ನುವ ಭಯ. 1970ರ ಜೂನ್‌ನಲ್ಲಿ ರೆಕಾರ್ಡ್ ಆದ ಹಾಡು ಹಾಗೇ ಬಿದ್ದಿತ್ತು. ಇದು ಹೊರಗೆ ಬರುವವರೆಗೂ ಬೇರೆ ಏನೂ ಹಾಡುವುದಿಲ್ಲ ಅಂತ ಗೇ ಹಟ ಹಿಡಿದರು. 1971ರ ಜನವರಿಯಲ್ಲಿ ಹಾಡು ಬಂತು, ಅಮೆರಿಕದ ಪಾಪ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ಈಗ ಕಂಪನಿಗೇ ಅವಸರ, ಇಡೀ ಆಲ್ಬಂ ಬೇಕು! ಅದು ಮೇ 21ಕ್ಕೆ ಅಂಗಡಿಗೆ ಬಂತು.

ಕಿವಿ ಎಲ್ಲಿಡಬೇಕು

ಒಂದು ತಪ್ಪು ನಾನು ಮಾಡಿದೆ, ನೀವು ಮಾಡಬೇಡಿ. ಮೊದಲ ಸಲ ಫೋನಿನಲ್ಲಿ ಶಫಲ್ ಹಾಕಿ ಕೇಳಿದೆ, ತಲೆಬುಡ ಗೊತ್ತಾಗಲಿಲ್ಲ. ಒಂಬತ್ತು ಹಾಡು, ಒಟ್ಟು ಸುಮಾರು 35 ನಿಮಿಷ. ಎಲ್‌ಪಿಯ ಮೊದಲ ಬದಿಯ ಆರು ಹಾಡು ನಡುವೆ ಬಿಡುವೇ ಇಲ್ಲದೆ ಒಂದರೊಳಗೊಂದು ಹರಿಯುತ್ತವೆ. ಸಾಲಾಗಿಯೇ ಕೇಳಬೇಕು.

ಮೊದಲ ಸಲ ಸ್ವರಗಳನ್ನಷ್ಟೇ ಕೇಳಿ. ಶುರುವಿನ ಸ್ಯಾಕ್ಸೊಫೋನ್ ಎಲಿ ಫೌಂಟೇನ್ ಅವರದು. ಅವರು ಇನ್ನೂ ಕೈ ಬಿಸಿ ಮಾಡಿಕೊಳ್ಳುತ್ತಿದ್ದರಂತೆ. ಸಾಕು, ನನಗೆ ಬೇಕಾದ್ದು ಸಿಕ್ಕಿತು ಅಂದರಂತೆ ಗೇ. ಎರಡನೇ ಸಲ ಗಾಯಕನ ದನಿ. ಒಬ್ಬರೇ, ಆದರೆ ಇಬ್ಬರು ಹಾಡಿದ ಹಾಗೆ ಕೇಳುತ್ತದೆ. ಗೇ ಒಂದೇ ಹಾಡನ್ನು ಎರಡು ಥರ ಹಾಡಿದ್ದರು. ಹೋಲಿಸಿ ನೋಡಲು ಇಟ್ಟುಕೊಂಡಿದ್ದ ಆ ಎರಡೂ ಸ್ಟುಡಿಯೋದಲ್ಲಿ ಅಕಸ್ಮಾತ್ ಒಟ್ಟಿಗೆ ಕೇಳಿಬಂದವು. ಅದು ಹಿಡಿಸಿತು, ಹಾಗೇ ಉಳಿಸಿಕೊಂಡರು. ಒಂದು ದನಿ ಸಮಾಧಾನ ಹೇಳುತ್ತದೆ, ಇನ್ನೊಂದು ಪಕ್ಕದಲ್ಲೇ ಗೊಣಗುತ್ತದೆ. ಮನಸ್ಸಿನೊಳಗೆ ನಾವು ನಮ್ಮ ಜೊತೆಗೇ ಮಾತಾಡಿಕೊಳ್ಳುತ್ತೇವಲ್ಲ, ಹಾಗೆ.

ಮೂರನೇ ಸಲ ಬೇಸ್ ಗಿಟಾರ್ ಮಾತ್ರ. ನುಡಿಸಿದವರು ಜೇಮ್ಸ್ ಜೇಮರ್ಸನ್. ಒಳ್ಳೆಯ ಹೆಡ್‌ಫೋನ್ ಇಲ್ಲದಿದ್ದರೆ ಈ ಪಾಠ ಮುಂದಕ್ಕೆ ಹಾಕಿ. ಎಷ್ಟೋ ವರ್ಷ ಮೋಟೌನ್ ರೆಕಾರ್ಡುಗಳಲ್ಲಿ ಅವರ ಹೆಸರೇ ಇರುತ್ತಿರಲಿಲ್ಲ. ಈ ಆಲ್ಬಂನ ಕವರ್ ಮೇಲೆ ವಾದಕರ ಹೆಸರು ಅಚ್ಚಾಯಿತು.

ಸಿಹಿ ರಾಗ, ಕಹಿ ಮಾತು

ತಂತಿವಾದ್ಯಗಳು ತೇಲುತ್ತವೆ, ಕಾಂಗಾ ಡೋಲು ಮೆತ್ತಗೆ ತಟ್ಟುತ್ತದೆ. ಹಿನ್ನೆಲೆಯಲ್ಲಿ ಸುಮ್ನೆ ಕೇಳಿದರೆ ಮಳೆಗಾಲದ ಸಂಜೆಗೆ ಹಾಕಿಕೊಳ್ಳುವ ಸಂಗೀತ. ಮಾತಿಗೆ ಕಿವಿಕೊಟ್ಟರೆ ಬೇರೆಯೇ ಲೋಕ. ಎರಡನೇ ಹಾಡು ‘ವಾಟ್ಸ್ ಹ್ಯಾಪನಿಂಗ್ ಬ್ರದರ್’ ಕೂಡ ‘ಏನ್ ಸಮಾಚಾರ’ವೇ. ಯುದ್ಧದಿಂದ ಬಂದ ಸೈನಿಕ ಕೇಳುತ್ತಿದ್ದಾನೆ: ನಮ್ಮ ಬಾಲ್ ಟೀಮ್ ಹೇಗಿದೆ, ನಾವು ಕುಣಿಯುತ್ತಿದ್ದ ಜಾಗಕ್ಕೆ ಜನ ಈಗಲೂ ಹೋಗುತ್ತಾರಾ? ನಡುವೆ ಹಾಗೇ ಜಾರಿಬಿಡುತ್ತದೆ, ಕೆಲಸ ಸಿಗುತ್ತಿಲ್ಲ ಅನ್ನುವ ಮಾತು. ಮೂರನೆಯದು ‘ಫ್ಲೈಯಿಂಗ್ ಹೈ (ಇನ್ ದಿ ಫ್ರೆಂಡ್ಲಿ ಸ್ಕೈ)’, ಹೆರಾಯಿನ್ ಚಟದ ಹಾಡು. ಅದರ ಹೆಸರಿನಲ್ಲಿ ಆಗಿನ ಒಂದು ವಿಮಾನ ಕಂಪನಿಯ ಜಾಹೀರಾತಿನ ಸಾಲಿನ ನೆರಳಿದೆ. ‘ಗಾಡ್ ಈಸ್ ಲವ್’ ಎರಡು ನಿಮಿಷವೂ ಇಲ್ಲ. ನನಗೆ ಅದು ಸೇತುವೆ ಅಷ್ಟೇ, ದಾಟಿ ಹೋಗುತ್ತೇನೆ.

‘ಮರ್ಸಿ ಮರ್ಸಿ ಮಿ (ದಿ ಇಕಾಲಜಿ)’ ಹತ್ತಿರ ಮಾತ್ರ ನಿಲ್ಲಿ. ಸಮುದ್ರಕ್ಕೆ ಚೆಲ್ಲಿದ ಎಣ್ಣೆ, ಪಾದರಸ ತುಂಬಿದ ಮೀನು, ವಿಷದ ಗಾಳಿ. ಮೊದಲ ಭೂಮಿ ದಿನ ನಡೆದು ಆಗಷ್ಟೇ ಒಂದು ವರ್ಷ ಆಗಿತ್ತು. ‘ಇಕಾಲಜಿ’ ಅನ್ನುವ ಪದ ಹಾಡಿನ ಹೆಸರಿನಲ್ಲಿದೆ, ಹಾಡಿನೊಳಗೆ ಎಲ್ಲೂ ಇಲ್ಲ. ಇಡೀ ಹಾಡು ಲಾಲಿಯ ಹಾಗೆ ಸಾಗಿ, ಕೊನೆಯಲ್ಲಿ ಮಾತ್ರ ಸಂಗೀತ ಇದ್ದಕ್ಕಿದ್ದಂತೆ ಮಂಕಾಗುತ್ತದೆ. ಆ ಕೊನೆಯನ್ನು ರಾತ್ರಿ ದೀಪ ಆರಿಸಿ ಕೇಳಿ ನೋಡಿ.

ಕೊನೆಯ ‘ಇನ್ನರ್ ಸಿಟಿ ಬ್ಲೂಸ್’ನಲ್ಲಿ ಕೋಪ ಜಾಸ್ತಿ. ಚಂದ್ರನಿಗೆ ರಾಕೆಟ್, ಬಡವನಿಗೆ ತೆರಿಗೆ. ಅಲ್ಲೂ ಗೇ ಕೂಗುವುದಿಲ್ಲ. ಕೂಗಬೇಕು ಅನಿಸುತ್ತಿದೆ ಅಂತ ಮೆಲುದನಿಯಲ್ಲಿ ಹೇಳುತ್ತಾರೆ. ಹಾಡು ಮುಗಿಯುವ ಹೊತ್ತಿಗೆ ‘ಅಮ್ಮಾ’ ಎಂಬ ಮೊದಲ ಕರೆ ಮತ್ತೆ ಬರುತ್ತದೆ.

2020ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆ ತನ್ನ ಶ್ರೇಷ್ಠ 500 ಆಲ್ಬಂಗಳ ಪಟ್ಟಿಯಲ್ಲಿ ಇದಕ್ಕೆ ಮೊದಲ ಸ್ಥಾನ ಕೊಟ್ಟಿತು. ಪಟ್ಟಿಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ, ನೆನಪಿಗೆ ಇರಲಿ ಅಂತ ಬರೆದೆ.

ಅಪ್ಪ

ಮೊದಲ ಹಾಡು ಅಮ್ಮನನ್ನು ಕರೆಯುತ್ತದೆ, ಅಣ್ಣನನ್ನು ಕರೆಯುತ್ತದೆ, ಆಮೇಲೆ ಅಪ್ಪನನ್ನು. ಯುದ್ಧ ಬೆಳೆಸುವುದು ಬೇಡ ಅಂತ ಅಪ್ಪನ ಹತ್ತಿರ ಕೇಳಿಕೊಳ್ಳುತ್ತದೆ. 1984ರ ಏಪ್ರಿಲ್ 1ರಂದು, 45ನೇ ಹುಟ್ಟುಹಬ್ಬಕ್ಕೆ ಒಂದು ದಿನ ಇರುವಾಗ, ಮನೆಯ ಜಗಳದಲ್ಲಿ ಗೇ ಅವರನ್ನು ಅವರ ತಂದೆಯೇ ಗುಂಡಿಟ್ಟು ಕೊಂದರು. ಆ ತಂದೆ ಧರ್ಮಬೋಧಕರು, ಚಿಕ್ಕಂದಿನಲ್ಲಿ ಮಗನನ್ನು ಬಹಳ ಹೊಡೆದವರು. ಇದು ಗೊತ್ತಾದ ಮೇಲೆ ಆ ಸಾಲು ಕೇಳುವಾಗ ಎದೆ ಹಿಂಡುತ್ತದೆ. ಆದರೆ ಎರಡನ್ನೂ ಬೆರೆಸಬೇಡಿ. 1970ರಲ್ಲಿ ಆ ‘ಅಪ್ಪಾ’ ಮುಖ್ಯವಾಗಿ ಕರೆದದ್ದು ಮಕ್ಕಳನ್ನು ವಿಯೆಟ್ನಾಂಗೆ ಕಳಿಸಿ, ಮನೆಗೆ ಬಂದ ಮಕ್ಕಳ ಉದ್ದ ಕೂದಲು ನೋಡಿ ಮುಖ ಸಿಂಡರಿಸಿದ ಹಿರಿಯರನ್ನು.