ಮನೆ ಒಬ್ಬರದು, ರಸ್ತೆ ಇನ್ನೊಬ್ಬರದು: ಇಂಗ್ಲೆಂಡಿನ ಕೌನ್ಸಿಲ್‌ಗಳ ಎಂಟು ದಶಕದ ಗಡಿ ತಗಾದೆ

1946ರ ಮೇ ತಿಂಗಳಲ್ಲಿ ಬ್ರಿಟನ್ನಿನ ನಗರ ಯೋಜನಾ ಸಚಿವ ಲೂಯಿಸ್ ಸಿಲ್ಕಿನ್ ಲಂಡನ್ನಿನ ಉತ್ತರಕ್ಕಿರುವ ಸ್ಟೀವನೇಜ್ ಎಂಬ ಪುಟ್ಟ ಊರಿಗೆ ಹೋಗಿ, ಅಲ್ಲಿ 60,000 ಜನರ ಹೊಸ ಪಟ್ಟಣ ಕಟ್ಟುವ ಸರ್ಕಾರದ ಇರಾದೆಯನ್ನು ತಿಳಿಸಿದರು. ಸಭೆ ಗದ್ದಲವಾಯಿತು. ಅವರು ಹೊರಗೆ ಬಂದಾಗ ಕಾರಿನ ಟೈರುಗಳಲ್ಲಿ ಗಾಳಿ ಇರಲಿಲ್ಲ. ವರ್ಷದ ಕೊನೆಗೆ ಯಾರೋ ರೈಲು ನಿಲ್ದಾಣದ ನಾಮಫಲಕಕ್ಕೆ ರಷ್ಯನ್ ಧಾಟಿಯಲ್ಲಿ ‘ಸಿಲ್ಕಿನ್‌ಗ್ರಾಡ್’ ಎಂಬ ಹೆಸರು ಅಂಟಿಸಿದರು. ಲಂಡನ್ನಿನಲ್ಲಿ ಜಾಗ ಸಾಲದಿದ್ದರೆ ಅದಕ್ಕೆ ನಮ್ಮ ಹೊಲಗಳೇ ಏಕೆ ಬೇಕು ಎಂಬುದು ಊರವರ ಸಿಟ್ಟು. ಇಂಗ್ಲೆಂಡಿನ ಅಕ್ಕಪಕ್ಕದ ಕೌನ್ಸಿಲ್‌ಗಳು, ಅಂದರೆ ಸ್ಥಳೀಯ ಆಡಳಿತ ಸಂಸ್ಥೆಗಳು, ಇಂದಿಗೂ ಜಗಳವಾಡುವುದು ಇದೇ ಪ್ರಶ್ನೆ ಹಿಡಿದು.

ಊರವರು ಆಗ ದೇಶದ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 1947ರಲ್ಲಿ ಸೋತರು. ಪಟ್ಟಣ ಎದ್ದಿತು. ಅದನ್ನು ಕಟ್ಟಿದ್ದು ಕೌನ್ಸಿಲ್ ಅಲ್ಲ, 1946ರ ನ್ಯೂ ಟೌನ್ಸ್ ಕಾಯ್ದೆಯಡಿ ರಚನೆಯಾದ ಅಭಿವೃದ್ಧಿ ನಿಗಮ. ಜಮೀನನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಕಾರ ಅದಕ್ಕಿತ್ತು, ಖಜಾನೆಯಿಂದ ದೀರ್ಘಾವಧಿ ಸಾಲವೂ ಸಿಗುತ್ತಿತ್ತು. ಮನೆ, ರಸ್ತೆ, ಚರಂಡಿ, ಅಂಗಡಿ, ಕಾರ್ಖಾನೆಯ ಜಾಗ ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಬರೆದು, ಬರೆದವರೇ ದುಡ್ಡು ಹಾಕಿ ಕಟ್ಟಿದರು. ಇದರಲ್ಲಿ ಪ್ರಜಾಪ್ರಭುತ್ವ ಕಡಿಮೆ ಇತ್ತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಲೇಖನಿಯೂ ಥೈಲಿಯೂ ಒಂದೇ ಕೈಯಲ್ಲಿದ್ದ ಆ ವ್ಯವಸ್ಥೆ ಇಂಗ್ಲೆಂಡಿನ ಸಾಮಾನ್ಯ ಯೋಜನಾ ಪದ್ಧತಿಯಾಗಿ ನೆಲೆಯೂರಲಿಲ್ಲ. ಮುಂದಿನ ಸುಧಾರಣೆಗಳೆಲ್ಲ ಲೇಖನಿ ಯಾರ ಕೈಯಲ್ಲಿರಬೇಕು ಎಂಬುದನ್ನಷ್ಟೇ ಬದಲಿಸುತ್ತ ಬಂದವು.

1947ರ ಯೋಜನಾ ಕಾಯ್ದೆ ಕಟ್ಟಡ ಕಟ್ಟುವ ಹಕ್ಕಿಗೆ ಅನುಮತಿಯ ಕಡಿವಾಣ ಹಾಕಿತು. 1955ರಲ್ಲಿ ಸಚಿವ ಡಂಕನ್ ಸ್ಯಾಂಡ್ಸ್, ದೊಡ್ಡ ನಗರಗಳ ಸುತ್ತ ಹೊಸ ಕಟ್ಟಡಗಳನ್ನು ತಡೆಯುವ ಹಸಿರು ಪಟ್ಟಿ ಗುರುತಿಸುವಂತೆ ಕೌನ್ಸಿಲ್‌ಗಳಿಗೆ ಸುತ್ತೋಲೆ ಕಳಿಸಿದರು. ನಗರ ಹಬ್ಬುವುದು ನಿಂತಿತು, ಮನೆಯ ಬೇಡಿಕೆ ಮಾತ್ರ ನಿಲ್ಲಲಿಲ್ಲ. ಅದು ಹಸಿರು ಪಟ್ಟಿಯನ್ನು ಜಿಗಿದು ಆಚೆಯ ಜಿಲ್ಲೆಯಲ್ಲಿ ಇಳಿಯಿತು.

ಗೋಜಲು ಹೆಚ್ಚಿದ್ದು 1974ರಲ್ಲಿ. ಆ ಏಪ್ರಿಲ್‌ನಲ್ಲಿ ಸ್ಥಳೀಯ ಆಡಳಿತ ಎರಡು ಹಂತಗಳಾಯಿತು. ಗ್ರಾಮಾಂತರ ಪ್ರದೇಶಗಳಲ್ಲಿ ಶಾಲೆ ಮತ್ತು ರಸ್ತೆ ಹಲವು ಜಿಲ್ಲೆಗಳನ್ನೊಳಗೊಂಡ ಕೌಂಟಿಯ ಪಾಲಿಗೆ, ವಸತಿ ಮತ್ತು ಕಟ್ಟಡದ ಅನುಮತಿ ಜಿಲ್ಲಾ ಕೌನ್ಸಿಲ್ ಪಾಲಿಗೆ ಬಂದವು. ಅದೇ ವರ್ಷ ನೀರು ಮತ್ತು ಒಳಚರಂಡಿ ಕೌನ್ಸಿಲ್‌ಗಳ ಕೈತಪ್ಪಿ ಪ್ರಾದೇಶಿಕ ಪ್ರಾಧಿಕಾರಗಳಿಗೆ ಹೋದವು. 1989ರಲ್ಲಿ ಆ ಪ್ರಾಧಿಕಾರಗಳು ಖಾಸಗಿ ಕಂಪನಿಗಳಾದವು. ಹೀಗೆ ಒಂದು ಬಡಾವಣೆಗೆ ಒಪ್ಪಿಗೆ ಕೊಡುವವರೊಬ್ಬರು, ಅದರ ಮಕ್ಕಳಿಗೆ ಶಾಲೆ ಕೊಡಬೇಕಾದವರು ಇನ್ನೊಬ್ಬರು, ಅದರ ಕೊಳಚೆ ನೀರು ಸಾಗಿಸಬೇಕಾದವರು ಮತ್ತೊಬ್ಬರು.

ಆದರೂ ಕೌಂಟಿಗಳು ಬರೆಯುತ್ತಿದ್ದ ‘ಸ್ಟ್ರಕ್ಚರ್ ಪ್ಲಾನ್’ ಒಂದು ಮಟ್ಟಿಗೆ ಕೆಲಸ ಮಾಡುತ್ತಿತ್ತು. ಯಾವ ಜಿಲ್ಲೆಗೆ ಎಷ್ಟು ಮನೆ ಎಂದು ಹೇಳುವವರೇ ರಸ್ತೆಯ ಹೊಣೆಗಾರರೂ ಆಗಿದ್ದರು. 2004ರ ಕಾಯ್ದೆ ಅದನ್ನು ಕಿತ್ತುಹಾಕಿ, ಸಂಖ್ಯೆ ಹಂಚುವ ಕೆಲಸವನ್ನು ಇಡೀ ಪ್ರದೇಶದ ಮಟ್ಟಕ್ಕೆ ಏರಿಸಿತು. ಜನರಿಗೆ ಆ ಪ್ರಾದೇಶಿಕ ಸಂಸ್ಥೆಗಳ ಹೆಸರೇ ತಿಳಿದಿರಲಿಲ್ಲ ಎಂದರೂ ನಡೆದೀತು. 2010ರಲ್ಲಿ ಅಧಿಕಾರಕ್ಕೆ ಬಂದ ಸಮ್ಮಿಶ್ರ ಸರ್ಕಾರದ ಸಚಿವ ಎರಿಕ್ ಪಿಕಲ್ಸ್ ಆ ಪ್ರಾದೇಶಿಕ ಮನೆ ಗುರಿಗಳನ್ನು ಸೋವಿಯತ್ ಶೈಲಿಯವು ಎಂದು ಹೀಗಳೆದು ರದ್ದುಮಾಡಹೊರಟರು. ಅವಸರದ ಆದೇಶವನ್ನು ಹೈಕೋರ್ಟ್ ಅದೇ ನವೆಂಬರ್‌ನಲ್ಲಿ ತಳ್ಳಿಹಾಕಿತು. ಕೊನೆಗೆ 2011ರ ಲೋಕಲಿಸಂ ಕಾಯ್ದೆಯೇ ಬರಬೇಕಾಯಿತು.

ಆ ಕಾಯ್ದೆ ತೆರವಾದ ಜಾಗಕ್ಕೆ ತಂದದ್ದು ‘ಸಹಕರಿಸುವ ಕರ್ತವ್ಯ’. ಅಕ್ಕಪಕ್ಕದ ಕೌನ್ಸಿಲ್‌ಗಳು ಗಡಿ ಮೀರಿದ ವಿಷಯಗಳಲ್ಲಿ ಕೂಡಿ ಕೆಲಸ ಮಾಡಬೇಕಿತ್ತು, ಆದರೆ ಒಪ್ಪಲೇಬೇಕೆಂದಿರಲಿಲ್ಲ. ಇಂಥ ವಿಚಿತ್ರ ಕಟ್ಟಳೆ ಅಪರೂಪವೇ. ಇನ್ನೊಂದು ಕೊಕ್ಕೆಯೂ ಇತ್ತು: ಎಲ್ಲಿ ಎಷ್ಟು ಮನೆ ಎಂದು ಹೇಳುವ ತನ್ನ ಸ್ಥಳೀಯ ಯೋಜನೆಯನ್ನು ಕೌನ್ಸಿಲ್ ಪರಿಶೀಲನೆಗೆ ಸಲ್ಲಿಸಿದ ಮೇಲೆ ಸಹಕಾರದಲ್ಲಾದ ಲೋಪವನ್ನು ತಿದ್ದಲು ಅವಕಾಶವಿರಲಿಲ್ಲ. ಕೆಂಟ್ ಕೌಂಟಿಯ ಸೆವೆನೋಕ್ಸ್ ಜಿಲ್ಲೆಯ ನೂರಕ್ಕೆ 93 ಭಾಗ ಹಸಿರು ಪಟ್ಟಿ. ತನ್ನ ಪಾಲಿನ ಮನೆಗಳಿಗೆ ಜಾಗ ಸಾಲದೆಂದು ನೆರೆಯವರ ನೆರವನ್ನು ಅದು ವಿಧ್ಯುಕ್ತವಾಗಿ ಕೇಳಿದ್ದು 2019ರಲ್ಲಿ, ಯೋಜನೆ ಸಲ್ಲಿಸಲು ಕೆಲವೇ ವಾರಗಳಿದ್ದಾಗ. ಯೋಜನೆಗಳನ್ನು ಪರಿಶೀಲಿಸಲು ಸರ್ಕಾರ ನೇಮಿಸುವ ಇನ್‌ಸ್ಪೆಕ್ಟರ್ ಯೋಜನೆಯನ್ನು ತಿರಸ್ಕರಿಸಿದರು, 2020ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆಕ್ಸ್‌ಫರ್ಡ್ ನಗರದ್ದು ಇದರ ಇನ್ನೊಂದು ಮುಖ. ತನ್ನ ಅಗತ್ಯವನ್ನು ಹೆಚ್ಚಾಗಿ ಲೆಕ್ಕಹಾಕಿ, ತನ್ನಲ್ಲಿ ಹಿಡಿಯದ ಮನೆಗಳನ್ನು ಸುತ್ತಲಿನ ಜಿಲ್ಲೆಗಳು ಹೊರಲಿ ಎಂದ ಅದರ ಯೋಜನೆ ಇದೇ ಕರ್ತವ್ಯದ ಮೇಲೆ 2024ರಲ್ಲಿ ಬಿದ್ದಿತು.

ತಾವಾಗಿಯೇ ಕೂಡಲು ಹೊರಟವರ ಕಥೆ ಏನಾಯಿತು? ಬ್ರಿಸ್ಟಲ್ ಮತ್ತು ಅದರ ಮೂವರು ನೆರೆಯವರು 2036ರೊಳಗೆ 1,05,500 ಮನೆಗಳ ಜಂಟಿ ಯೋಜನೆ ಬರೆದರು. ಹೊಸ ಬಡಾವಣೆಗಳ ಜಾಗಗಳನ್ನು ಆರಿಸಿದ ರೀತಿ ಇನ್‌ಸ್ಪೆಕ್ಟರ್‌ಗಳಿಗೆ ಒಪ್ಪಿಗೆಯಾಗಲಿಲ್ಲ. 2020ರಲ್ಲಿ ಯೋಜನೆ ಮೂಲೆ ಸೇರಿತು. ಗ್ರೇಟರ್ ಮ್ಯಾಂಚೆಸ್ಟರ್‌ನ ಹತ್ತು ಕೌನ್ಸಿಲ್‌ಗಳ ಮೊದಲ ಕರಡು 2016ರಲ್ಲಿ ಬಂದಿತು. 2020ರ ಡಿಸೆಂಬರ್‌ನಲ್ಲಿ ಸ್ಟಾಕ್‌ಪೋರ್ಟ್ ಹೊರನಡೆಯಿತು. ಉಳಿದ ಒಂಬತ್ತರ ಯೋಜನೆ ಜಾರಿಗೆ ಬಂದದ್ದು 2024ರ ಮಾರ್ಚ್‌ನಲ್ಲಿ. ನಾರಿಚ್, ಬ್ರಾಡ್‌ಲೆಂಡ್, ಸೌತ್ ನಾರ್ಫೋಕ್ ಮಾತ್ರ ಒಂದು ಹೆಜ್ಜೆ ಮುಂದೆ ಹೋದವು: ಕಟ್ಟಡದಾರರಿಂದ ಬರುವ ಮೂಲಸೌಕರ್ಯ ಶುಲ್ಕದ ಬಹುಪಾಲನ್ನು ಒಂದೇ ನಿಧಿಗೆ ಹಾಕಿ ಹಂಚಿಕೊಳ್ಳುತ್ತಿವೆ. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ವಿವೇಕದ್ದೆನಿಸುವ, ಯಾವ ಸುದ್ದಿಯನ್ನೂ ಮಾಡದ ಏರ್ಪಾಡು ಇದು.

ಹಣ ಮತ್ತು ನಕ್ಷೆ ಬೇರೆ ಬೇರೆ ಕೈಗಳಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಕೇಂಬ್ರಿಡ್ಜ್ ಬಳಿಯ ನಾರ್ತ್‌ಸ್ಟೋದಲ್ಲಿ ನೋಡಬಹುದು. 10,000 ಮನೆಗಳ ಈ ಪಟ್ಟಣ ಇರುವುದು ಸೌತ್ ಕೇಂಬ್ರಿಡ್ಜ್‌ಶೈರ್ ಜಿಲ್ಲೆಯಲ್ಲಿ. ಆ ಜಿಲ್ಲೆಯೋ ಕೇಂಬ್ರಿಡ್ಜ್ ನಗರವನ್ನು ಸುತ್ತಲೂ ಆವರಿಸಿಕೊಂಡಿದೆ. ಹಳೆಯ ರೈಲು ಮಾರ್ಗದ ಮೇಲೆ ಬಸ್ಸಿಗಾಗಿಯೇ ಹಾಕಿದ ಕಾಂಕ್ರೀಟ್ ಹಳಿ 2011ರ ಆಗಸ್ಟ್‌ನಲ್ಲಿ ಶುರುವಾಯಿತು. ಮೊದಲ ನಿವಾಸಿಗಳು ಬಂದದ್ದು 2017ರಲ್ಲಿ. ಬಸ್ಸು ವರ್ಷಗಟ್ಟಲೆ ಜನರಿಗಾಗಿ ಕಾಯಿತು. ಬಂದ ಜನ ಅಂಗಡಿಗಾಗಿ ವರ್ಷಗಟ್ಟಲೆ ಕಾದರು. ಶಾಲೆ ಬೇಗ ಬಂದಿತು, ಏಕೆಂದರೆ ಅದಕ್ಕೆ ಹಣ ಮತ್ತು ಹೊಣೆ ಎರಡೂ ಗೊತ್ತುಪಡಿಸಿದ್ದವು.

ಈಗ ಚಕ್ರ ಮತ್ತೆ ತಿರುಗಿದೆ. 15 ಲಕ್ಷ ಮನೆಗಳ ಭರವಸೆಯೊಂದಿಗೆ ಬಂದ ಲೇಬರ್ ಸರ್ಕಾರದ 2025ರ ಯೋಜನೆ ಮತ್ತು ಮೂಲಸೌಕರ್ಯ ಕಾಯ್ದೆ, ಹಲವು ಕೌನ್ಸಿಲ್‌ಗಳಿಗೆ ಸೇರಿ ಒಂದು ಪ್ರಾದೇಶಿಕ ಕಾರ್ಯತಂತ್ರ ಇರಬೇಕೆನ್ನುತ್ತದೆ. ಮನೆಗಳನ್ನು ಕೌನ್ಸಿಲ್‌ಗಳ ನಡುವೆ ಹಂಚುವ ಅಧಿಕಾರ ಅದಕ್ಕಿದೆ. ಯಾವ ಮೂಲಸೌಕರ್ಯ ಬೇಕೆಂದು ಅದು ಬರೆಯಬಹುದು, ನೀರಿನ ಕಂಪನಿಗೆ ಅಪ್ಪಣೆ ಮಾಡಲಾಗದು. ಸ್ಥಳೀಯ ಯೋಜನೆಯ ಮುಖ್ಯ ಧೋರಣೆಗಳು ಕನಿಷ್ಠ 15 ವರ್ಷ ಮುಂದೆ ನೋಡಬೇಕೆಂಬುದು ನಿಯಮ. ನೀರಿನ ಕಂಪನಿಗಳ ಹೂಡಿಕೆಗೆ ನಿಯಂತ್ರಕ ಒಪ್ಪಿಗೆ ಕೊಡುವುದು ಐದೈದು ವರ್ಷಕ್ಕೆ, ಮತ್ತು ಈಗಿನ ಒಪ್ಪಿಗೆ 2030ಕ್ಕೆ ಮುಗಿಯುತ್ತದೆ.