ತೂಬು ಎತ್ತಿದವನು ತಂಗಿಯ ಗಂಡನಾದರೆ

ಕೆರೆ ಬಳಕೆದಾರರ ಸಂಘಗಳ ಜೊತೆ ಕೆಲಸ ಮಾಡುವ ನನ್ನ ಮುಂದೆ ಬರುವ ಜಗಳಗಳಲ್ಲಿ ನೀರಿಗಿಂತ ದಂಡದ ಮಾತೇ ಹೆಚ್ಚು. ಪಾಳಿ ತಪ್ಪಿಸಿ ರಾತ್ರೋರಾತ್ರಿ ತೂಬು, ಅಂದರೆ ಕೆರೆಯ ನೀರು ಬಿಡುವ ಬಾಗಿಲು, ಎತ್ತಿ ತನ್ನ ಗದ್ದೆಗೆ ನೀರು ತಿರುಗಿಸಿಕೊಂಡವನು ಯಾರೆಂಬುದು ಅಚ್ಚುಕಟ್ಟಿನ ಗದ್ದೆಯವರಿಗೆಲ್ಲ ಗೊತ್ತಿರುತ್ತದೆ. ಸಭೆಯಲ್ಲಿ ಮಾತ್ರ ಯಾರೂ ಹೆಸರೆತ್ತುವುದಿಲ್ಲ. ಅವನು ಒಬ್ಬರಿಗೆ ಅಳಿಯ, ಇನ್ನೊಬ್ಬರಿಗೆ ತಂಗಿಯ ಗಂಡ. ಬಾಯಿಬಿಟ್ಟರೆ ತಂಗಿ ಗೌರಿಹಬ್ಬಕ್ಕೆ ತವರಿಗೆ ಬರುವುದು ನಿಂತೀತು ಎಂಬ ಅಂಜಿಕೆ.

ಹಾಗೆಂದು ನಂಟು ಯಾವಾಗಲೂ ದಂಡವನ್ನು ತಗ್ಗಿಸುತ್ತದೆ ಎನ್ನುವಂತಿಲ್ಲ. ಬದುವಿನ ತಕರಾರಿರುವ ದಾಯಾದಿ ಅದೇ ತಪ್ಪು ಮಾಡಲಿ, ಎರಡರಷ್ಟು ಹಾಕಿ ಎಂಬ ಕೂಗು ಮೊದಲು ಏಳುವುದು ಅವನ ಅಣ್ಣತಮ್ಮಂದಿರಿಂದಲೇ. ಯಾರಿಗೆ ಅನ್ಯಾಯವಾಯಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಪಪುವಾ ನ್ಯೂಗಿನಿಯ ಬುಡಕಟ್ಟುಗಳಲ್ಲಿ ನಡೆದು 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹಣ ಹಂಚುವಾಗ ಮೋಸ ಮಾಡಿದವನನ್ನು ನೋಡುಗನೊಬ್ಬ ತನ್ನ ಕೈಯಿಂದ ಖರ್ಚು ಮಾಡಿ ಶಿಕ್ಷಿಸಬಹುದಿತ್ತು. ಮೋಸಹೋದವನು ತನ್ನ ಕುಲದವನಾಗಿದ್ದರೆ ನೋಡುಗರು ಹೆಚ್ಚು ಶಿಕ್ಷಿಸಿದರು. ನಮ್ಮಲ್ಲೂ ಕಡೆಮಡೆಯ, ಅಂದರೆ ಕಾಲುವೆಯ ತುದಿಯ ಗದ್ದೆ ಬೇರೆ ಕೇರಿಯವರದಾಗಿದ್ದರೆ ಅದು ಒಣಗುವುದು ಬೇಗ ಕಣ್ಣಿಗೆ ಬೀಳುವುದಿಲ್ಲ.

ಹಳೇ ಮೈಸೂರು ಸೀಮೆಯಲ್ಲಿ ನೀರು ಹಂಚುವ ಕೆಲಸ ನೀರುಗಂಟಿಯದಾಗಿತ್ತು. ಅನೇಕ ಊರುಗಳಲ್ಲಿ ಅವರು ದಲಿತ ಕುಟುಂಬದವರು. ಅವರಿಗೆ ಸಂಬಳವೆಂದರೆ ಸುಗ್ಗಿಯಲ್ಲಿ ಸಿಗುತ್ತಿದ್ದ ಆಯ, ಅಂದರೆ ಕಾಳಿನ ಪಾಲು. ಗದ್ದೆಯವರ ನಂಟು ಅವರಿಗಿಲ್ಲದ್ದರಿಂದ ಹಂಚಿಕೆ ನೇರವಾಗಿತ್ತು ಎಂದು ಹಿರಿಯರು ಹೊಗಳುತ್ತಾರೆ. ಆ ನಂಟು ಯಾಕಿರಲಿಲ್ಲ ಎಂದೂ ಕೇಳಬೇಕು. ಜಾತಿ ಅವರನ್ನು ಹೊರಗಿಟ್ಟಿತ್ತು. ಅನ್ಯಾಯದ ಮೇಲೆ ನಿಂತ ನಿಷ್ಪಕ್ಷಪಾತ ಅದು. ಹಾಗೆಯೇ ಮರಳಿ ತರಬೇಕೆಂಬ ಮಾತನ್ನು ನಾನು ಒಪ್ಪಲಾರೆ.

ಸಂಘಗಳಿಗೆ ನಾನು ಹೇಳುವುದಿಷ್ಟು. ತೂಬು ತೆರೆಯುವ ಮೊದಲೇ, ಯಾರೂ ಇನ್ನೂ ತಪ್ಪು ಮಾಡಿರದಾಗಲೇ, ದಂಡ ಎಷ್ಟೆಂದು ಬರೆದು ಓದಿ ಹೇಳಿ. ಆಗ ದಂಡ ಹಾಕಿದ್ದು ಅಣ್ಣನಲ್ಲ, ಊರ ಬರಹ ಎಂದು ತಂಗಿಗೆ ಹೇಳಬಹುದು. ಸಾಮೂಹಿಕ ಸಂಪತ್ತಿನ ಅಧ್ಯಯನಕ್ಕೆ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ದಂಡ ಸಣ್ಣದರಿಂದ ಶುರುವಾಗಿ ತಪ್ಪು ಮರುಕಳಿಸಿದಂತೆ ಏರಬೇಕು ಎಂದಿದ್ದರು. ನಮ್ಮ ಊರುಗಳಿಗೆ ಅದು ಹೊಂದುತ್ತದೆ: ಮೊದಲ ತಪ್ಪಿಗೆ ಮನೆಯ ಹಿರಿಯರ ಗದರಿಕೆಯೇ ಸಾಕು, ಅಲ್ಲಿ ನಂಟು ನೆರವಿಗೆ ಬರುತ್ತದೆ. ಎರಡನೆಯದಕ್ಕೆ ಬೇರೆ ಕೇರಿಯವರೂ ಇರುವ ಸಮಿತಿ ಕೂರಲಿ, ಸಂಬಂಧಿಕರು ಎದ್ದು ಹೊರಗಿರಲಿ. ನೀರುಗಂಟಿಗೆ ಸಂಘದಿಂದ ತಿಂಗಳ ಸಂಬಳ ಕೊಡಿ, ಸಮಿತಿಯಲ್ಲಿ ಮತವನ್ನೂ ಕೊಡಿ.